ಅವರ ಡಬಲ್, ನನ್ನ ಪಾಸ್

2 ಡಿಸೆಂಬರ್ 2024, ಸೋಮವಾರ, ಶಿರಸಿ

ಕ್ಲಬ್ಬಿನ ಕಾರ್ಯದರ್ಶಿ ಶಾಂತಾರಾಮ ಇವತ್ತು ಮನೆಗೆ ಬಂದು, ಚಹಾ ಕುಡಿದು, ಮೂರು ಚಕ್ಕುಲಿ ತಿಂದು, ನನ್ನ ಗಂಡನನ್ನು ಬ್ರಿಜ್ ಆಟದಿಂದ ತೆಗೆದುಹಾಕಿ ಹೋದ. ಬಾಯಲ್ಲಿ ಹಾಗೆ ಹೇಳಲಿಲ್ಲ. "ವಿಶ್ವೇಶ್ವರಣ್ಣನ್ನ ಗೌರವ ಸದಸ್ಯರಾಗಿ ಮಾಡಿದೀವಿ" ಎಂದ. ಗೌರವ ಸದಸ್ಯ ಅಂದರೆ ಶನಿವಾರ ಶನಿವಾರ ಹೋಗಿ ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತು ಬೇರೆಯವರ ಆಟ ನೋಡಬಹುದು. ಚಹಾ ಪುಕ್ಕಟೆ.

ಇಪ್ಪತ್ತಾರು ವರ್ಷ ಅದೇ ಟೇಬಲ್ಲಿನಲ್ಲಿ ಆಡಿದ ಮನುಷ್ಯ ಇವರು. ವಿಮೆಯ ಕೆಲಸಕ್ಕೆಂದು ಮೂರು ತಾಲೂಕು ಬೈಕಿನಲ್ಲಿ ಸುತ್ತುತ್ತಿದ್ದರು, ಎಲ್ಲಿದ್ದರೂ ಶನಿವಾರ ಸಂಜೆ ನಾಲ್ಕಕ್ಕೆ ಕ್ಲಬ್ಬಿನಲ್ಲಿ ಹಾಜರು. ಮೇ ತಿಂಗಳಲ್ಲಿ ಪಾರ್ಶ್ವವಾಯು ಬಡಿಯಿತು. ಬಲಗೈ ಅರ್ಧ ಮರಳಿದೆ. ಮಾತು ಮಾತ್ರ ಎಲ್ಲೋ ಸಿಕ್ಕಿಕೊಂಡಿದೆ, ಒಂದು ಶಬ್ದ ಹೊರಬರಬೇಕಾದರೆ ಹೆರಿಗೆಯಷ್ಟು ಕಷ್ಟ. ಹುಬ್ಬಳ್ಳಿಯ ಡಾಕ್ಟರು "ಬುದ್ಧಿಗೆ ಏನೂ ಆಗಿಲ್ಲ, ಹೇಳುವ ದಾರಿ ಮಾತ್ರ ಕೆಟ್ಟಿದೆ" ಎಂದಿದ್ದಾರೆ. ಊರವರಿಗೆ ಅದು ತಲೆಗೆ ಹೋಗುವುದಿಲ್ಲ. ಕಿವುಡರ ಹತ್ತಿರ ಮಾತಾಡಿದಂತೆ ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತಾರೆ.

"ಜೊತೆಗಾರ ಬೇಕಲ್ಲ ಅಣ್ಣ? ಮನೋಹರ ವಕೀಲ್ರು ಈಗ ಆ ಹೊಸ ಹುಡುಗ ವೈಭವನ ಸಂಗ್ತಿಗೆ ಆಡ್ತಾ ಇದಾರೆ" ಎಂದ ಶಾಂತಾರಾಮ. ಮನೋಹರ ಅಂದರೆ ಇಪ್ಪತ್ತಾರು ವರ್ಷವೂ ಇವರ ಎದುರು ಕೂತ ಜೋಡಿ. ಇವರ ತುಟಿ ಅಲುಗಿತು. ಅದು ಶಬ್ದವಾಗುವ ಮೊದಲೇ ನಾನು ಹೇಳಿದೆ, "ಜೊತೆಗೆ ನಾನು ಆಡ್ತೇನೆ."

"ನಿಮಗೆ ಬ್ರಿಜ್ ಬರ್ತದಾ ಅಕ್ಕೋರೇ?"

"ಮೂವತ್ತೊಂದು ವರ್ಷ ಸಿದ್ದಾಪುರದಲ್ಲಿ ಹೈಸ್ಕೂಲಿಗೆ ಗಣಿತ ಕಲಿಸಿದವಳು ನಾನು. ಐವತ್ತೆರಡು ಎಲೆ ಎಣಿಸೂಕೆ ಬರೂದಿಲ್ವಾ?"

ಬರುವುದಿಲ್ಲ. ನನಗೆ ಬರುವುದು ರಮ್ಮಿ ಒಂದೇ. ಆದರೆ ಹೇಳಿ ಆಯಿತು, ಇನ್ನು ಹಿಂದೆ ಸರಿಯುವುದಿಲ್ಲ. ಶಾಂತಾರಾಮ ತಲೆ ಕೆರೆದುಕೊಂಡು ಒಂದು ದಾರಿ ಹೇಳಿದ. ಫೆಬ್ರವರಿ ಹದಿನಾರಕ್ಕೆ ಯಲ್ಲಾಪುರದಲ್ಲಿ ಮೂರು ತಾಲೂಕಿನ ಜೋಡಿ ಪಂದ್ಯ. ಅಲ್ಲಿ ಯಾರಿಗೂ ತೊಂದರೆ ಕೊಡದೆ ಮೊದಲಿನಿಂದ ಕಡೆಯವರೆಗೆ ಆಡಿದರೆ ಇವರ ಹೆಸರು ಆಟಗಾರರ ಪಟ್ಟಿಯಲ್ಲೇ ಉಳಿಯುತ್ತದೆ. ಇಲ್ಲದಿದ್ದರೆ ಗೋಡೆ ಪಕ್ಕದ ಕುರ್ಚಿ. ಎಪ್ಪತ್ತಾರು ದಿನ ಇದೆ.

5 ಡಿಸೆಂಬರ್, ಗುರುವಾರ

ಗುರು ಸಿಕ್ಕಿದ. ಸಿದ್ದಾಪುರದ ಉಲ್ಲಾಸ ನಾಯ್ಕ. ನನ್ನ ಕ್ಲಾಸಿನಲ್ಲೇ ಕಡೆಯ ಬೆಂಚಿನಲ್ಲಿ ಕೂರುತ್ತಿದ್ದವನು, ಈಗ ಕಾಲೇಜಿನಲ್ಲಿ ಪಾಠ ಮಾಡುತ್ತಾನೆ, ಆ ತಾಲೂಕಿನ ಒಳ್ಳೆಯ ಬ್ರಿಜ್ ಆಟಗಾರನಂತೆ. ಗಣಿತದಲ್ಲಿ ಮೂವತ್ತೈದು ದಾಟಿದ್ದು ನನಗೆ ನೆನಪಿಲ್ಲ. ಕಾಲ ಹೀಗೆ ತಿರುಗುತ್ತದೆ.

ಆಟದ ಮೊದಲು ಹರಾಜು ನಡೆಯುತ್ತದೆ. ಎದುರುಬದುರು ಕೂತವರು ಒಂದು ಜೋಡಿ. ಎಡಬಲಕ್ಕೆ ಕೂತ ಇಬ್ಬರು ಎದುರಾಳಿಗಳು, 'ಎದುರಿನವರು' ಅನ್ನುವುದು ಅವರಿಗೇ. "ಈ ಬಣ್ಣ ತುರುಫು ಆದರೆ, ಅಂದರೆ ಉಳಿದ ಬಣ್ಣಗಳನ್ನೆಲ್ಲ ಹೊಡೆಯುವಂತಾದರೆ, ನಾವಿಬ್ಬರೂ ಸೇರಿ ಇಷ್ಟು ಸುತ್ತು ಗೆಲ್ಲುತ್ತೇವೆ" ಎಂದು ಕೂಗಬೇಕು. ಬಾಯಲ್ಲಲ್ಲ. ಪೆಟ್ಟಿಗೆಯಲ್ಲಿ ಅಚ್ಚು ಹಾಕಿದ ಚೀಟಿಗಳಿರುತ್ತವೆ, ಅದನ್ನು ಎಳೆದು ಟೇಬಲ್ಲಿನ ಮೇಲಿಡಬೇಕು. ಮಾತಾಡಿದರೆ ತಪ್ಪು, ಮುಖ ಕಿವುಚಿದರೂ ತಪ್ಪು. ಹಾಗಾದರೆ ಇವರಿಗೇನು ಅಡ್ಡಿ? ಆ ಟೇಬಲ್ಲಿನಲ್ಲಿ ನಾಲ್ಕೂ ಜನ ಮೂಕರೇ.

ಬಡಗಿ ಬೈರನಿಂದ ಹಲಸಿನ ಹಲಗೆಗೆ ಸೀಳು ಕೊರೆಸಿ ತಂದೆ. ಹದಿಮೂರು ಎಲೆ ಅದರಲ್ಲಿ ನಿಲ್ಲುತ್ತವೆ. ಎಡಗೈಯಿಂದ ಎಳೆದರಾಯಿತು.

15 ಡಿಸೆಂಬರ್, ಭಾನುವಾರ

ಬೆಳಗಿನ ಬಸ್ಸಿಗೆ ಇಬ್ಬರೂ ಸಿದ್ದಾಪುರಕ್ಕೆ. ಹೊಟೇಲಿನಲ್ಲಿ ಇವರಿಗೆ ಇಡ್ಲಿ ಹೇಳಿದೆ. ಇವರು ಗೋಡೆಯ ಮೇಲಿನ ಬೋರ್ಡನ್ನೇ ನೋಡುತ್ತ ಕೂತಿದ್ದರು. ಇಡ್ಲಿ ನುಂಗಲು ಹಗುರ.

ಇವತ್ತಿನ ಪಾಠ ಡಬಲ್. ಕೆಂಪು ಚೀಟಿ, ಅದರ ಮೇಲೆ ಗುಣಾಕಾರದ ಚಿಹ್ನೆ. ಉಲ್ಲಾಸ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ಅಕ್ಕೋರೇ, ಎದುರಿನವ್ರು ಆಗಷ್ಟೇ ಒಂದು ಬಣ್ಣ ಕೂಗ್ಯಾರೆ, ನಮ್ಮವರು ಯಾರೂ ಬಾಯಿ ತೆಗ್ದಿಲ್ಲ. ಆಗ ಸಾರ್ ಈ ಕೆಂಪು ಚೀಟಿ ಇಟ್ರು ಅಂದ್ರೆ, 'ನನ್ ಹತ್ರ ಎಲೆ ಚಲೋ ಅದಾವೆ, ಉಳಿದ ಮೂರು ಬಣ್ಣದಾಗೆ ನಿಂಗೆ ಯಾವ್ದು ಉದ್ದ ಅದೆ ಹೇಳು' ಅಂತ ಕೇಳ್ದಂಗೆ. ಅಲ್ಲಿ ನೀವು ಹೇಳಲೇಬೇಕು. ಅದೇ ನಮ್ಮ ಬಣ್ಣ ಯಾವ್ದು ಅಂತ ಇಬ್ರೂ ಹೇಳಿ ಮುಗ್ಸೀರಿ, ಎದುರಿನವ್ರು ಹಟಕ್ಕೆ ಬಿದ್ದು ಮೇಲೆ ಮೇಲೆ ಹತ್ಯಾರೆ. ಆಗ ಇಟ್ರು ಅಂದ್ರೆ, 'ಇವ್ರು ಬೀಳ್ತಾರೆ, ದಂಡ ಹಾಕ್ತೀನಿ, ನೀ ಸುಮ್ನಿರು' ಅಂತ."

"ಎರಡಕ್ಕೂ ಒಂದೇ ಚೀಟಿಯಾ? ಇದೆಂತ ಕ್ರಮ?"

"ಚೀಟಿ ನೋಡೂದಲ್ಲ ಅಕ್ಕೋರೇ. ಅಲ್ಲೀವರೆಗೆ ಯಾರ್ಯಾರು ಎಂತೆಂತ ಹೇಳ್ಯಾರೆ ಅಂತ ಕೇಳ್ಕಂಡಿರ್ಬೇಕು."

ದಂಡದ ಡಬಲ್ ಗೆದ್ದರೆ, ಅಂದರೆ ಎದುರಿನವರು ಕೂಗಿದಷ್ಟು ಸುತ್ತು ಮಾಡಲಾಗದೆ ಬಿದ್ದರೆ, ರಾಶಿ ಅಂಕ ನಮಗೆ, ತಪ್ಪಿದರೆ ರಾಶಿ ಅಂಕ ಅವರಿಗೆ. ನಾನು ಕೋಷ್ಟಕ ಮಾಡಿ ಕಂಠಪಾಠ ಮಾಡಿದ್ದೇನೆ. ಬಸ್ಸಿನಲ್ಲಿ ಇವರಿಗೆ ಒಪ್ಪಿಸಿದೆ. ತಲೆಯಾಡಿಸಿದರು.

21 ಡಿಸೆಂಬರ್, ಶನಿವಾರ

ಯಲ್ಲಾಪುರದ ಪಂದ್ಯಕ್ಕೆ ಅಭ್ಯಾಸವೆಂದು ಕ್ಲಬ್ಬಿನಲ್ಲಿ ಮೊದಲ ದಿನ. ಕಡೆಯ ಸ್ಥಾನ.

ಒಂದು ಆಟದಲ್ಲಿ ಎದುರಿನವರು ನಾಲ್ಕು ಡೈಮಂಡ್ ಕೂಗಿದರು, ಇವರು ಕೆಂಪು ಚೀಟಿ ಇಟ್ಟರು. ಕೋಷ್ಟಕದ ಪ್ರಕಾರ ನಾನು ಸುಮ್ಮನಿರಬೇಕು. ಆದರೆ ಇವರ ಎಡಗೈ ಪೆಟ್ಟಿಗೆಯಲ್ಲಿ ತಡಕಾಡಿದ್ದು ನೋಡಿದೆ. ಏನೂ ಕೂಗುವುದಿಲ್ಲ ಎನ್ನುವ ಪಾಸ್ ಚೀಟಿ ಎಳೆಯಲು ಹೋಗಿ ಇದು ಬಂದಿದ್ದರೆ? ನಾನು ನಾಲ್ಕು ಇಸ್ಪೀಟು (ಸ್ಪೇಡ್) ಕೂಗಿ ಕಾಪಾಡಿದೆ. ನಾಲ್ಕು ಸುತ್ತು ಕಡಿಮೆ ಬಿತ್ತು.

ಬೇರೆ ಟೇಬಲ್ಲುಗಳಲ್ಲಿ ಆಟ ಮುಗಿದ ಕೂಡಲೇ ಜಗಳ. ಯಾರ ಎಕ್ಕ, ಯಾರ ರಾಜ, ಯಾಕೆ ಹಾಕಿದೆ, ಯಾಕೆ ಹಾಕಲಿಲ್ಲ. ನಮ್ಮ ಟೇಬಲ್ಲಿಗೆ ಬಂದವರೆಲ್ಲ ಸೂತಕದ ಮನೆಗೆ ಬಂದಂತೆ ಇದ್ದು, "ಚಲೋ ಆಡಿದ್ರಿ" ಎಂದು ಎದ್ದು ಹೋದರು. ಜನ ಒಳ್ಳೆಯವರು.

28 ಡಿಸೆಂಬರ್, ಶನಿವಾರ

ಕಡೆಯಿಂದ ಎರಡನೆಯ ಸ್ಥಾನ. ಮತ್ತೆ ಎರಡು ಸಲ ಬೇರೆ ಬಣ್ಣ ಕೂಗಿ ಇವರ ಡಬಲ್ಲಿನಿಂದ ಓಡಿದೆ. ಮುಂದಿನ ವಾರ ನೋಡೋಣ.

ಮಗಳು ಅಭಿಜ್ಞಾ ಫೋನು ಮಾಡಿದ್ದಳು. "ಅಪ್ಪಯ್ಯ ಎಂತ ಮಾಡ್ತಾ ಇದ್ದ?" ಎಂದಳು. ಚೆನ್ನಾಗಿದ್ದಾರೆ, ಊಟ ಸರಿ ಇದೆ, ನಿದ್ದೆ ಸರಿ ಇದೆ ಎಂದು ಎಲ್ಲ ಹೇಳಿದೆ. ಇವರು ಪಕ್ಕದಲ್ಲೇ ಇದ್ದರು.

11 ಜನವರಿ 2025, ಶನಿವಾರ

ಇವತ್ತಿನದು ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ. ಮೂರು ಸಲ ಇವರು ಡಬಲ್ ಇಟ್ಟರು, ಮೂರು ಸಲವೂ ನಾನು ಬೇರೆ ಕೂಗಿದೆ. ಮೂರನೆಯ ಸಲ ಇವರು ಹಲಗೆಯನ್ನೇ ಬೋರಲು ಹಾಕಿದರು. ಹದಿಮೂರು ಎಲೆಯೂ ಚೆಲ್ಲಿದವು. ಇಡೀ ಹಾಲ್ ತಿರುಗಿ ನೋಡಿತು.

ಮನೋಹರ ನನ್ನನ್ನು ಹೊರಗೆ ಕರೆದು ಮೆತ್ತಗೆ ಹೇಳಿದ. "ಬೇಜಾರು ಮಾಡ್ಕಳಡ ನಾಗವೇಣಿ. ಅಂವ ಬೇಕು ಹೇಳಿ ಡಬಲ್ ಇಡ್ತಾ ಇಲ್ಲೆ. ಕೈ ತಪ್ಪಿ ಬತ್ತು. ನೀ ಬೇರೆ ಕೂಗಿ ಉಳಸ್ತಾ ಇದ್ದೆ, ಅದೇ ಸರಿ. ಯಲ್ಲಾಪುರ ಎಲ್ಲ ಎಂತಕ್ಕೆ ಹೇಳಿ? ಅವಂಗೂ ತ್ರಾಸು."

ನಾನು ಹೌದು ಎಂದೆ. ಕಣ್ಣಲ್ಲಿ ನೀರು ಬಂತು, ಸಿಟ್ಟಿಗೋ ದುಃಖಕ್ಕೋ ಗೊತ್ತಿಲ್ಲ.

ಮನೆಗೆ ಬಂದು ಕೇಳಿದೆ, "ಎಂತಕ್ಕೆ ಅಷ್ಟು ಸಿಟ್ಟು? ಆನು ಎಂತ ಮಾಡ್ದೆ?" ಇವರು ಬಾಯಿ ತೆರೆದರು, ಕುತ್ತಿಗೆಯ ನರ ಉಬ್ಬಿತು. "ಹಸಿವಾಯ್ದನ?" ಎಂದೆ. ಇವರು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಊಟವಿಲ್ಲ.

12 ಜನವರಿ, ಭಾನುವಾರ

ಉಪವಾಸ ಮುಂದುವರಿದಿದೆ. ಚಹಾ ಮಾತ್ರ. ಸಿದ್ದಾಪುರಕ್ಕೂ ಹೋಗಲಿಲ್ಲ.

ಆಟ ಮುಗಿದ ಮೇಲೆ ನಾಲ್ಕೂ ಜನರ ಎಲೆಗಳನ್ನು ಬರೆದುಕೊಳ್ಳುವುದು ನನ್ನ ಚಾಳಿ. ಪರೀಕ್ಷೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡಂತೆ. ಇವರ ಕೈ ತಪ್ಪುತ್ತದೆಯೋ ಇಲ್ಲವೋ ಎಂದು ಲೆಕ್ಕದಿಂದಲೇ ತೋರಿಸಿಬಿಡೋಣ, ಇವರಿಗೂ ಸಮಾಧಾನವಾಗಲಿ ಎಂದು ಊಟದ ಟೇಬಲ್ಲಿನ ಮೇಲೆ ಎಲೆ ಹರಡಿದೆ. ನಾನು ಓಡಿದ ಡಬಲ್ಲುಗಳು, ಇಲ್ಲಿ ಬರೆಯದೆ ಬಿಟ್ಟ ಜನವರಿ ನಾಲ್ಕರವೂ ಸೇರಿ, ಈವರೆಗೆ ಹನ್ನೊಂದು. ಒಂದೊಂದನ್ನೂ, ನಾನು ಓಡದೆ ಪಾಸ್ ಹೇಳಿದ್ದರೆ ಏನಾಗುತ್ತಿತ್ತು ಎಂದು ಸುತ್ತು ಸುತ್ತಾಗಿ ಆಡಿ ನೋಡಿದೆ. ಮಧ್ಯಾಹ್ನ ಹನ್ನೆರಡಕ್ಕೆ ಕೂತವಳು ಐದಕ್ಕೆ ಎದ್ದೆ.

ಹನ್ನೊಂದರಲ್ಲಿ ಒಂಬತ್ತು ಬೀಳುತ್ತಿದ್ದವು.

ಎರಡನೆಯ ಸಲ ಆಡಿ ನೋಡಿದೆ. ಒಂಬತ್ತೇ.

ಇವರ ಕೈ ಒಂದು ಸಲವೂ ತಪ್ಪಿಲ್ಲ. ಮನೋಹರನಿಗೆ ಹೌದು ಎಂದವಳು ನಾನು. ನಾಚಿಕೆಯಾಗುತ್ತಿದೆ. ಸಂಜೆ ತೆಳ್ಳೇವು ದೋಸೆ ಎರೆದು, ಬಟ್ಟಲಿನ ಪಕ್ಕ ಆ ಲೆಕ್ಕದ ಹಾಳೆ ಇಟ್ಟೆ. ಇವರು ಮೇಲಿನಿಂದ ಕೆಳಗಿನವರೆಗೆ ಓದಿದರು. ಐದನೆಯ ಆಟದಲ್ಲಿ ನಾನು ಒಂದು ರಾಣಿಯನ್ನು ತಪ್ಪು ಜಾಗದಲ್ಲಿ ಬರೆದಿದ್ದೆ, ಬೆರಳಿಟ್ಟು ತೋರಿಸಿದರು. ಅದನ್ನು ಸರಿಮಾಡಿದರೆ ಹತ್ತು. ಆಮೇಲೆ ನಾಲ್ಕು ತೆಳ್ಳೇವು ತಿಂದರು.

19 ಜನವರಿ, ಭಾನುವಾರ

ಉಲ್ಲಾಸನ ಮುಂದೆ ಎಲ್ಲ ಒಪ್ಪಿಕೊಂಡೆ. ಅವನು ಎಲೆ ಕಲೆಸುತ್ತ ಹೇಳಿದ, "ಸಿಟ್ಟಾಗ್ಬ್ಯಾಡಿ ಅಕ್ಕೋರೇ. ಶಾಲೆಯಾಗೆ ನಂಗೂ ಹಿಂಗೇ ಆಗ್ತಿತ್ತು. ಉತ್ತರ ಗೊತ್ತಿರ್ತಿತ್ತು. ನಾ ಎದ್ದು ನಿಂತು ಬಾಯಿ ತೆಗಿಯೂದ್ರೊಳಗೆ ನೀವೇ ಹೇಳಿಬಿಡ್ತಿದ್ರಿ."

ಸಿಟ್ಟು ಬರದೆ ಇರುತ್ತದೆಯೇ? ನಲವತ್ತು ನಿಮಿಷದಲ್ಲಿ ಐವತ್ತೆಂಟು ಮಕ್ಕಳಿಗೆ ಬೀಜಗಣಿತ ಕಲಿಸಬೇಕಾದರೆ ಒಬ್ಬೊಬ್ಬನ ಬಾಯಿ ಕಾಯುತ್ತ ಕೂರಲು ಆಗುತ್ತದೆಯೇ? ಮೂರು ಎಣಿಸುತ್ತಿದ್ದೆ, ಬರದಿದ್ದರೆ ನಾನೇ ಹೇಳಿ ಮುಂದೆ ಹೋಗುತ್ತಿದ್ದೆ. ಫಲಿತಾಂಶ ಯಾವ ವರ್ಷವೂ ಎಂಬತ್ತಕ್ಕಿಂತ ಕೆಳಗೆ ಇಳಿದಿಲ್ಲ. ಇದನ್ನೆಲ್ಲ ಅವನಿಗೆ ಹೇಳಿದೆ. ಅವನು ನಕ್ಕು, "ಹೌದ್ ಹೌದು" ಎಂದ. ಇವರೂ ಜೊತೆಗೆ ನಕ್ಕರು. ಇಬ್ಬರೂ ಒಂದೇ ಪಾರ್ಟಿ.

ಉಲ್ಲಾಸ ಒಂದು ನಿಯಮ ಕೊಟ್ಟಿದ್ದಾನೆ. ಇವರು ಕೆಂಪು ಚೀಟಿ ಇಟ್ಟ ಕೂಡಲೇ ನಾನು ಪೆಟ್ಟಿಗೆ ಮುಟ್ಟಬಾರದು. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಬೇಕು. ಆಮೇಲೆ ಯಾರು ಏನು ಹೇಳಿದ್ದಾರೆ ಎಂದು ನೆನಪಿಸಿಕೊಳ್ಳಬೇಕು. ಆಮೇಲೆ ನನ್ನ ಚೀಟಿ. ಬ್ರಿಜ್ಜಿಗೆ ಮಾತ್ರ ಈ ನಿಯಮ, ಬೇರೆಲ್ಲ ಕಡೆ ಹೀಗೆ ಎಣಿಸುತ್ತ ಕೂತರೆ ಸಂಸಾರ ನಡೆಯುವುದಿಲ್ಲ.

26 ಜನವರಿ, ಭಾನುವಾರ

ಬಸ್ಸಿನಲ್ಲಿ ಕಂಡಕ್ಟರು "ಯಜಮಾನ್ರು ಎಲ್ಲಿಗೆ?" ಎಂದು ನನ್ನನ್ನು ಕೇಳಿದ. ಎಂಥ ಜನ! ಇವರು ಎದುರಿಗೇ ಇದ್ದಾರೆ. ನಾನು ಕಿಟಕಿಯ ಕಡೆ ನೋಡಿದೆ. ಹಿಂದಿನ ಸೀಟಿನವರು ಗೊಣಗಿದರು. ಇವರು "ಸಿ... ಸಿದ್ದಾಪುರ. ಎರಡು" ಎಂದರು. ಟಿಕೇಟು ಬಂತು.

ಹೊಟೇಲಿನಲ್ಲಿ ಇವರು ಬನ್ಸ್ ಮತ್ತು ಖಾರ ಚಟ್ನಿ ತಿಂದರು. ಮತ್ತೊಂದು ತರಿಸಿಕೊಂಡು ತಿಂದರು. ಇಡ್ಲಿ ಕಂಡರೆ ಇವರಿಗೆ ಆಗುವುದಿಲ್ಲವಂತೆ. ಹೇಳಬಾರದಿತ್ತೇ, ಎಂಟು ತಿಂಗಳಿಂದ ದಿನಾ ಹಾಕಿದ್ದೇನೆ.

1 ಫೆಬ್ರವರಿ, ಶನಿವಾರ

ಎರಡು ಡಬಲ್ಲಿಗೆ ಪಾಸ್ ಹೇಳಿದೆ, ಎರಡೂ ಬಿದ್ದವು. ಎದುರಿಗಿದ್ದ ಜೋಡಿಯ ಮುಖ ನೋಡುವಂತಿತ್ತು. ಉಬ್ಬಿಹೋದೆ.

ಮೂರನೆಯದರಲ್ಲಿ ಎಡವಟ್ಟು. ಎದುರಿನವರು ಆಗಷ್ಟೇ ಒಂದು ಡೈಮಂಡ್ ಎಂದು ಶುರು ಮಾಡಿದ್ದರು, ಇವರು ಡಬಲ್ ಇಟ್ಟರು. ನನ್ನ ಕೈಯಲ್ಲಿ ಒಂದು ರಾಜನೂ ಇಲ್ಲ, ಎಲ್ಲ ಎರಡು, ಮೂರು, ಏಳು. ಹತ್ತು ಎಣಿಸಿ ಗಂಭೀರವಾಗಿ ಪಾಸ್ ಇಟ್ಟೆ. ಅವರು ಒಂದು ಡೈಮಂಡನ್ನು ಮಾಡಿ, ಮೇಲೆ ಮೂರು ಸುತ್ತು ಹೆಚ್ಚಿಗೆ ಹೊಡೆದುಕೊಂಡರು. ಅದು ಕೇಳುವ ಡಬಲ್, ಎಲೆ ಎಷ್ಟೇ ದರಿದ್ರವಾಗಿದ್ದರೂ ನನ್ನ ಉದ್ದದ ಬಣ್ಣ ಹೇಳಬೇಕಿತ್ತು. ಎದುರಿನವರ ಬಣ್ಣವೇ ನನ್ನ ಕೈಯಲ್ಲಿ ಉದ್ದವಾಗಿ, ಗಟ್ಟಿಯಾಗಿ ಕೂತಿದ್ದರೆ ಮಾತ್ರ ಅಲ್ಲಿ ಸುಮ್ಮನಿರಬಹುದು. ಗಾಣದೆತ್ತಿಗೆ ಹೊಸ ದಾರಿ ತೋರಿಸಿದರೂ ಅದು ಸುತ್ತುವುದೇ.

ಇವರು ನನ್ನ ಎರಡು-ಮೂರು-ಏಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಆಮೇಲೆ ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು ನಕ್ಕರು. ಮೇ ತಿಂಗಳ ನಂತರ ಹೀಗೆ ನಕ್ಕದ್ದು ನೋಡಿರಲಿಲ್ಲ. ನನಗೂ ತಡೆಯಲಾಗಲಿಲ್ಲ. ಆರನೆಯ ಸ್ಥಾನ.

9 ಫೆಬ್ರವರಿ, ಭಾನುವಾರ

ಅಭಿಜ್ಞಾಳ ಫೋನು. ಇವರ ಕೈಗೆ ಕೊಟ್ಟು ಬಟ್ಟೆ ಒಣಗಿಸಲು ಹೋದೆ. ಹಪ್ಪಳದ ಹಿಟ್ಟನ್ನೂ ಕಲೆಸಿ ಬಂದೆ. ಇನ್ನೂ ಮುಗಿದಿರಲಿಲ್ಲ.

15 ಫೆಬ್ರವರಿ, ಶನಿವಾರ

ನಾಳೆ ಯಲ್ಲಾಪುರ. ಹದಿನಾಲ್ಕು ಜೋಡಿ, ಇಪ್ಪತ್ತನಾಲ್ಕು ಆಟ. ಹಲಗೆ, ಮಾತ್ರೆ, ನೀರಿನ ಬಾಟ್ಲಿ ಎಲ್ಲ ಚೀಲಕ್ಕೆ ಹಾಕಿದ್ದೇನೆ. ಇಷ್ಟು ಮಾಡಿ ಕಡೆಗೆ ಗೋಡೆ ಪಕ್ಕದ ಕುರ್ಚಿಯೇ ಗತಿಯಾದರೆ ನಾನು ಸುಮ್ಮನಿರುವವಳಲ್ಲ.

16 ಫೆಬ್ರವರಿ, ಭಾನುವಾರ

ಮಂಚಿಕೇರಿ ದಾಟುವಾಗ ಬಸ್ಸಿನಲ್ಲೇ ಬರೆಯಲು ಶುರು ಮಾಡಿದ್ದೇನೆ. ಅಕ್ಷರ ಕುಣಿಯುತ್ತಿವೆ. ಮನೆಗೆ ಹೋಗುವವರೆಗೆ ಕಾಯಲು ಆಗುವುದಿಲ್ಲ.

ಮಧ್ಯಾಹ್ನದವರೆಗೆ ಚೆನ್ನಾಗಿತ್ತು. ಊಟದ ಹೊತ್ತಿಗೆ ಐದನೆಯ ಸ್ಥಾನದಲ್ಲಿದ್ದೆವು. ಒಂದೇ ಒಂದು ಟೇಬಲ್ಲಿನಲ್ಲಿ ಸಮಯ ಮೀರಿತು, ಅದೂ ಎದುರಿನವರು ಶೌಚಕ್ಕೆ ಹೋಗಿದ್ದರಿಂದ. ಶಾಂತಾರಾಮ ನಮ್ಮ ಹಿಂದೆಯೇ ತಿರುಗುತ್ತಿದ್ದ, ಕೈಯಲ್ಲಿ ಗಡಿಯಾರ.

ಕಡೆಯ ಆಟ ಮನೋಹರ ಮತ್ತು ವೈಭವನ ಎದುರು. ಇವರು ಒಂದು ಆಟೀನು (ಹಾರ್ಟ್) ಎಂದು ಶುರು ಮಾಡಿದರು. ವೈಭವ ಪಾಸ್. ನನ್ನ ಹತ್ತಿರ ಆಟೀನು ನಾಲ್ಕು ಇತ್ತು, ಎರಡಕ್ಕೆ ಏರಿಸಿದೆ. ಮನೋಹರ ಎರಡು ಇಸ್ಪೀಟು. ಇವರು ಮೂರು ಆಟೀನು. ವೈಭವ ಮೂರು ಇಸ್ಪೀಟು. ನಾನು ಪಾಸ್, ಮನೋಹರ ಪಾಸ್. ಇವರು ಪೆಟ್ಟಿಗೆಯಲ್ಲಿ ಎಡಗೈ ಇಟ್ಟು, ಕೆಂಪು ಚೀಟಿ ಎಳೆದು ಟೇಬಲ್ಲಿನ ಮೇಲಿಟ್ಟರು.

ವೈಭವ ಪಾಸ್. ನನ್ನ ಸರದಿ.

ನನ್ನ ಕೈಯಲ್ಲಿ ಇಸ್ಪೀಟು ಒಂದೇ ಒಂದು ಸಣ್ಣ ಎಲೆ. ಆಟೀನು ನಮ್ಮಿಬ್ಬರದೂ ಸೇರಿ ಒಂಬತ್ತಾದರೂ ಇದೆ. ನಾಲ್ಕು ಆಟೀನು ಕೂಗು ಕೂಗು ಎಂದು ಬೆರಳು ತುರಿಸಿತು. ಮನೋಹರ ನನ್ನನ್ನೇ ನೋಡುತ್ತಿದ್ದ, ನಾನು ಕೂಗುತ್ತೇನೆಂದು ಅವನಿಗೆ ಖಾತ್ರಿ ಇತ್ತು. ಹತ್ತು ಎಣಿಸಿದೆ. ನಮ್ಮ ಬಣ್ಣ ಇಬ್ಬರೂ ಹೇಳಿ ಆಗಿದೆ. ಇವರು ಏನನ್ನೂ ಕೇಳುತ್ತಿಲ್ಲ. ಬೀಳುತ್ತಾರೆ ಎನ್ನುತ್ತಿದ್ದಾರೆ. ಪಾಸ್ ಇಟ್ಟೆ.

ಇವರು ಆಟೀನು ಎಕ್ಕದಿಂದ ಶುರು ಮಾಡಿದರು. ವೈಭವ ತನ್ನ ಎಲೆಗಳನ್ನು ಟೇಬಲ್ಲಿನ ಮೇಲೆ ಹರಡಿದ, ಕ್ರಮದ ಪ್ರಕಾರ ಅವನ ಎಲೆಗಳನ್ನೂ ಇನ್ನು ಮನೋಹರನೇ ಆಡುವುದು. ಅದರಲ್ಲಿ ಆಟೀನು ಒಂದೂ ಇರಲಿಲ್ಲ. ಮನೋಹರ ಇವರ ಎಕ್ಕವನ್ನು ವೈಭವನ ಸಣ್ಣ ತುರುಫಿನಿಂದ ಹೊಡೆದ. ಆಮೇಲೆ ತನ್ನ ಆಟೀನುಗಳನ್ನೂ ಒಂದೊಂದಾಗಿ ಅಲ್ಲಿಯೇ ಹೊಡೆಸಿದ. ಮೂರರ ಕೂಗು ಅಂದರೆ ಆರರ ಮೇಲೆ ಮೂರು, ಬೇಕಾದ ಒಂಬತ್ತೂ ಸುತ್ತು ಮಾಡಿಕೊಂಡ. ಡಬಲ್ ಇದ್ದದ್ದರಿಂದ ರಾಶಿ ಅಂಕ ಅವರಿಗೆ. ಐದನೆಯ ಸ್ಥಾನದಿಂದ ಒಂಬತ್ತಕ್ಕೆ ಇಳಿದೆವು.

ವೈಭವ ಎಲೆ ಎತ್ತಿಡುತ್ತ, "ಚೆನ್ನಾಗಿ ಆಡಿದ್ರಿ ಅಂಕಲ್" ಎಂದ.

"ಎಂತ ಚೆನ್ನಾಗಿ?" ಮನೋಹರ ಕುರ್ಚಿ ಹಿಂದೆ ತಳ್ಳಿ ಎದ್ದು ನಿಂತ. ಮುಖ ಕೆಂಪಾಗಿತ್ತು. "ಎಂತಾ ಡಬಲ್ಲಾ ಅದು ಮಾರಾಯ! ಆಟೀನು ನಿಂಗೆ ಐದು ಇದ್ದು, ನಿನ್ನ ಹೆಂಡ್ತಿಗೆ ನಾಕು ಇದ್ದು. ಈ ವೈಭವಂಗೆ ಒಂದೂ ಇಲ್ದೇ ಇಕ್ಕು ಹೇಳಿ ತಲೆಗೆ ಹೋಯ್ದಿಲ್ಯ ನಿಂಗೆ? ಇಪ್ಪತ್ತಾರು ವರ್ಷದಿಂದ ಇದೇ ದುರಾಸೆ ನಿಂದು!"

"ಸರ್, ಬಿಡಿ, ಪಾಪ ಅವರಿಗೆ..." ಎಂದ ವೈಭವ.

"ಎಂತ ಪಾಪ? ಕೈತಪ್ಪಿ ಇಟ್ಟಿದ್ದಲ್ಲ ಅದು, ಬೇಕು ಹೇಳೇ ಇಟ್ಟಿದ್ದ! ಪಾಪ ಅಡ, ಪಾಪ!"

ಇವರು ಎಡಗೈಯಿಂದ ಟೇಬಲ್ಲಿಗೆ ಗುದ್ದಿದರು. "ತು... ತು..." ಎಂದರು. ತುರುಫು ಎನ್ನುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಮೊದಲೇ ತುರುಫು ಎಳೆದಿದ್ದರೆ ವೈಭವನ ಕೈಯಲ್ಲಿ ಹೊಡೆಯಲು ಉಳಿಯುತ್ತಿರಲಿಲ್ಲ. ಶಬ್ದ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಮನೋಹರ ಸೊಂಟಕ್ಕೆ ಕೈ ಕೊಟ್ಟು ಕಾದ.

"ತುರುಫು. ಮೊದ್ಲು. ಹಾಕಿದ್ರೆ... ಬೀ... ಬೀಳ್ತಿದ್ದೆ ನೀನು."

"ಹಾಕಿದ್ಯ? ಹಾಕಿದ್ದಿಲ್ಲೆ!"

"ಅದು... ತಪ್ಪು. ನಂದು. ಡಬಲ್..." ಮತ್ತೊಮ್ಮೆ ಗುದ್ದಿದರು. "ಡಬಲ್ ತಪ್ಪಲ್ಲ!"

"ಬಾ ಹಂಗಾರೆ, ಎಲೆ ಹಾಸು, ಈಗ್ಲೇ ಆಡಿ ತೋರ್ಸು!"

ಇಬ್ಬರೂ ಮತ್ತೆ ಕೂತು ಎಲೆ ಹರಡತೊಡಗಿದರು. ನಾಲ್ಕು ಆಟೀನು ಕೂಗಿದ್ದರೆ ಆಗುತ್ತಿತ್ತೋ ಇಲ್ಲವೋ, ನಾನು ಲೆಕ್ಕ ಹಾಕಲು ಹೋಗಲಿಲ್ಲ. ಹೊರಗೆ ಬಂದು ಚಹಾ ಹೇಳಿದೆ. ಕಡೆಗೂ ನಮ್ಮ ಟೇಬಲ್ಲಿನಲ್ಲೂ ಒಂದು ಜಗಳ. ಒಳಗಿನಿಂದ ಮನೋಹರನ ಕೂಗು, ನಡುವೆ ಇವರ ಒಂದೊಂದೇ ಶಬ್ದ, ಮತ್ತೆ ಕೂಗು ಕೇಳಿಸುತ್ತಿತ್ತು.

ಶಾಂತಾರಾಮ ಪುಸ್ತಕ ಹಿಡಿದು ನನ್ನ ಹತ್ತಿರ ಬಂದ. "ಅಕ್ಕೋರೇ, ಶನಿವಾರದ ಆಟಗಾರ್ರ ಪಟ್ಟಿ ಬರೀತಾ ಇದೀನಿ. ಮನೋಹರ ವಕೀಲ್ರು ಮತ್ತೆ ಇವ್ರ ಜೊತೆಗೇ ಆಡ್ತೀನಿ ಅಂತ ಅಲ್ಲೇ ಕೂಗ್ತಾ ಇದಾರೆ. ನಿಮ್ಮ ಜೋಡಿ ಅಂತ ಬರೀಲಾ, ಅವ್ರಿಬ್ರದ್ದು ಅಂತ ಬರೀಲಾ?"

"ನನ್ನ ಎಂತಕ್ಕೆ ಕೇಳ್ತೀರಿ? ಅವರನ್ನೇ ಕೇಳಿ."

"ಕೇಳ್ದೆ. ಹೇಳೂಕೆ ಶುರು ಮಾಡಿದಾರೆ, ಇನ್ನೂ ಹೇಳ್ತಾ ಇದಾರೆ."

"ಹಾಗಾದ್ರೆ ಕಾಯಿರಿ" ಎಂದೆ. ಅವನಿಗೂ ಒಂದು ಚಹಾ ಹೇಳಿದೆ.